ಡೈನಮೊ ಯಾಕೆ ದೊಡ್ಡದಾಗಲಿಲ್ಲ?

ಪ್ರಶ್ನೆ: ರಾಯಚೂರು ಹತ್ರದ ಶಕ್ತಿನಗರದ ಕರೆಂಟ್ ಸ್ಥಾವರದಾಗ ಹೆಚ್ಚಿನ ಮಷೀನು ಒಂದೊಂದೂ 210 ಮೆಗಾವ್ಯಾಟ್ ಕೊಡ್ತಾವ, ಎಲ್ಲಾ ಎ.ಸಿ. ನಮ್ಮ ಹಳೆ ಟ್ರ್ಯಾಕ್ಟರಿನ ಡೈನಮೊ ಡಿ.ಸಿ. ಕೊಡ್ತಿತ್ತಲ್ರಿ, ಅದನ್ನ ಅಷ್ಟು ದೊಡ್ಡದು ಮಾಡಾಕ ಬರಂಗಿಲ್ಲೇನು?
– ಓದುಗರೊಬ್ಬರು, ಸಿಂಧನೂರು

ಉತ್ತರ: ಬರಂಗಿಲ್ರಿ. ಅಡ್ಡಗಾಲು ಹಾಕುವುದು ಕಮ್ಯುಟೇಟರ್, ಅಂದರೆ ಸುರುಳಿಯಲ್ಲಿ ದಿಕ್ಕು ಬದಲಿಸುತ್ತಲೇ ಹುಟ್ಟುವ ಕರೆಂಟನ್ನು (ಎ.ಸಿ.) ಒಂದೇ ದಿಕ್ಕಿನದಾಗಿ (ಡಿ.ಸಿ.) ಹೊರಗೆ ಕೊಡುವ, ತಾಮ್ರದ ಪಟ್ಟಿಗಳ ತಿರುಗುವ ಉರುಳೆ.

ಹುಡುಗನಾಗಿದ್ದಾಗ ಬಳ್ಳಾರಿಯ ವೈಂಡಿಂಗ್ ಅಂಗಡಿಯೊಂದರಲ್ಲಿ ಕೆಲಸ ಕಲಿಯುತ್ತಿದ್ದೆ. ಟಾಕೀಸಿನ ಪ್ರೊಜೆಕ್ಟರಿನ ಆರ್ಕ್ ದೀಪಕ್ಕೆ ಡಿ.ಸಿ. ಕೊಡುವ ಜನರೇಟರ್ ರಿಪೇರಿಗೆ ಬರುತ್ತಿತ್ತು. ಅದರ ಕಮ್ಯುಟೇಟರಿನಲ್ಲಿ ತಾಮ್ರದ ಪಟ್ಟಿ, ನಡುವೆ ಕರೆಂಟು ಹಾಯದ ಮೈಕಾ, ಮತ್ತೆ ತಾಮ್ರ. ಮೈಕಾ ಕೂದಲೆಳೆಯಷ್ಟು ಎದ್ದಿದ್ದರೂ, ಪಟ್ಟಿಗೆ ಒರಸುತ್ತ ಕರೆಂಟು ಪಡೆಯುವ ಕಾರ್ಬನ್ ಬ್ರಷ್ ಕುಣಿದು ನೀಲಿ ಕಿಡಿ ಹಾರುತ್ತಿತ್ತು. ಮುರಿದ ಹ್ಯಾಕ್ಸಾ ಬ್ಲೇಡಿನಿಂದ ಸಂದಿಸಂದಿಯ ಮೈಕಾ ಕೆರೆಯುವುದು ನನ್ನ ಪಾಲು. ಒಮ್ಮೆ ಹೊಳಪು ಬರಲೆಂದು ಎಮರಿ ಕಾಗದ ಉಜ್ಜಿದ್ದಕ್ಕೆ, ಅದರ ಪುಡಿಯಲ್ಲಿ ಕರೆಂಟು ಹರಿಯುತ್ತದೆಂದು ಮೇಸ್ತ್ರಿ ತಲೆಗೆ ಮೊಟಕಿದ್ದರು.

ಇಂಥದ್ದನ್ನು ನಿಮಿಷಕ್ಕೆ 3000 ಸುತ್ತು ತಿರುಗುವ ಟರ್ಬೈನಿಗೆ ಕಟ್ಟಿದೆವು ಅನ್ನಿ. ಬ್ರಷ್ಷಿನಡಿ ತಾಮ್ರ ಸೆಕೆಂಡಿಗೆ 40 ಮೀಟರಿನಂತೆ ಓಡಲಿ. ಅದಕ್ಕೂ ಜೋರಾದಷ್ಟು ಸಂಭಾಳಿಸುವುದು ಕಷ್ಟ. ಆಗ ಕಮ್ಯುಟೇಟರಿನ ವ್ಯಾಸ 25 ಸೆಂ.ಮೀ. ಪಟ್ಟಿಗೆ ಮೈಕಾ ಸೇರಿ 5 ಮಿ.ಮೀ. ಹಿಡಿದರೆ ಸುತ್ತಲೂ ಕೂರುವುದು 157 ಪಟ್ಟಿ. ಒಂದು ಪಟ್ಟಿಗೂ ಪಕ್ಕದ್ದಕ್ಕೂ ಸರಾಸರಿ 15 ವೋಲ್ಟ್ ಇಡೋಣ. ತೀರ ಏರಿಸಿದರೆ ಬ್ರಷ್ಷಿನಿಂದ ಬ್ರಷ್ಷಿಗೆ ಬೆಂಕಿಯೇ ಹಾಯುತ್ತದೆ. ಎರಡು ಧ್ರುವದ ಯಂತ್ರದಲ್ಲಿ ಒಂದು ಬ್ರಷ್ಷಿನಿಂದ ಇನ್ನೊಂದಕ್ಕೆ ಅರ್ಧದಷ್ಟು ಪಟ್ಟಿಗಳೇ ಇರುವುದರಿಂದ ಒಟ್ಟು ದಕ್ಕುವುದು ಸುಮಾರು 1200 ವೋಲ್ಟ್. 210 ಮೆಗಾವ್ಯಾಟಿಗೆ 1,75,000 ಆಂಪಿಯರ್ ಬೇಕು! ಬ್ರಷ್ ಚದರ ಸೆಂ.ಮೀ.ಗೆ 10 ಆಂಪಿಯರ್ ಹೊರುತ್ತದೆ, ದಪ್ಪ ಒಂದೂವರೆ ಸೆಂ.ಮೀ. ಅಂದರೆ ಕಮ್ಯುಟೇಟರ್ 115 ಮೀಟರಿಗಿಂತ ಉದ್ದವಾಗಬೇಕು. ತೋಳುದಪ್ಪದ್ದಲ್ಲದಿದ್ದರೂ ಬಿಂದಿಗೆ ದಪ್ಪದ, ಊರ ಓಣಿಯುದ್ದದ ಕೊಳವೆ!

ನಿಧಾನ ತಿರುಗಿಸಿ ದಪ್ಪ ಮಾಡಬಹುದು, ತೂಕವೂ ಖರ್ಚೂ ಏರುತ್ತವೆ. ಅದಕ್ಕೂ ಮೊದಲೇ ಕಿಡಿ ಕಾಡುತ್ತದೆ. ಬ್ರಷ್ ದಾಟುವ ಕ್ಷಣದಲ್ಲಿ ಸುರುಳಿಯ ಕರೆಂಟು ದಿಕ್ಕು ಬದಲಿಸಬೇಕು, ಅದು ಸುಲಭಕ್ಕೆ ಒಪ್ಪುವುದಿಲ್ಲ. ಹಾಗಾಗಿ ಒಂಟಿ ಆರ್ಮೇಚರಿನ (ಸುರುಳಿ ಸುತ್ತಿದ ತಿರುಗುವ ಭಾಗ) ಡಿ.ಸಿ. ಯಂತ್ರಗಳು ಸುಮಾರು 10 ಮೆಗಾವ್ಯಾಟಿನ ಆಸುಪಾಸಿಗೇ ನಿಂತವು.

ಶಕ್ತಿನಗರದ ಮಷೀನಿನಲ್ಲಿ ದೊಡ್ಡ ಕರೆಂಟಿನ ಸುರುಳಿ ಕದಲುವುದೇ ಇಲ್ಲ, ತಿರುಗುವುದು ಅಯಸ್ಕಾಂತ. ಡಿ.ಸಿ. ಬೇಕಾದರೆ ಆಮೇಲೆ ಮಾಡಿಕೊಳ್ಳುತ್ತಾರೆ: ಒಡಿಶಾದ ತಾಲ್ಚೇರಿನಿಂದ ಕೋಲಾರಕ್ಕೆ ಬರುವ 500 ಕಿಲೋವೋಲ್ಟಿನ ಡಿ.ಸಿ. ಲೈನಿಗೆ ಎ.ಸಿ.ಯನ್ನು ಡಿ.ಸಿ. ಮಾಡಿಕೊಡುವ ಥೈರಿಸ್ಟರುಗಳೆಂಬ ಎಲೆಕ್ಟ್ರಾನಿಕ್ ಸ್ವಿಚ್ಚುಗಳಿವೆ. ಈಗಿನ ಟ್ರ್ಯಾಕ್ಟರಿನ ಆಲ್ಟರ್ನೇಟರಿನೊಳಗೆ ಡಯೋಡುಗಳು ಮಾಡುವುದೂ ಅದನ್ನೇ. ಹಳೆ ಡೈನಮೊ ಗುಜರಿಗೆ ಹೋಗಿಲ್ಲದಿದ್ದರೆ ಹಿಂದಿನ ಮುಚ್ಚಳ ಬಿಚ್ಚಿ ನೋಡ್ರಿ, ತಾಮ್ರದ ಪಟ್ಟಿ ಎಣಿಸಾಕ ಬರ್ತಾವ.