ಜಗಳದ ಮಧ್ಯೆ ಎದ್ದು ಹೋಗೋದು ತಪ್ಪಾ?

ನೀವು ಕೇಳಿರೋದು ಇಷ್ಟು, ಜಗಳ ಶುರುವಾದ್ರೆ ಮಾತು ಬೆಳೆಯೋದು ಬೇಡ ಅಂತ ನೀವು ಎದ್ದು ಹೋಗ್ತೀರ, ಅದರಿಂದಾನೇ ನಿಮ್ಮ ಹೆಂಡತಿಗೆ ಇನ್ನೂ ಸಿಟ್ಟು ಏರುತ್ತೆ, ಹಾಗಾದ್ರೆ ಸರಿಯಾಗಿ ಜಗಳ ಆಡೋದು ಹೇಗೆ ಅಂತ. ನಂಗೆ ಮದುವೆ ಆಗಿ 11 ವರ್ಷ, ಮೊದಲ ನಾಲ್ಕೈದು ವರ್ಷ ನಾನೂ ಥೇಟ್ ನಿಮ್ಮ ಹಾಗೇ ಇದ್ದೆ, ಅದಕ್ಕೇ ಬರೀತಿದೀನಿ.

ಎದ್ದು ಹೋಗೋದ್ರಲ್ಲಿ ತಪ್ಪಿಲ್ಲ, ಆದ್ರೆ ಯಾವಾಗ ವಾಪಸ್ ಬರ್ತೀನಿ ಅಂತ ಹೇಳದೇ ಹೋಗ್ತೀರಲ್ಲ, ಎಡವಟ್ಟು ಆಗೋದು ಅಲ್ಲೇ. ನಾನು ರೂಮಿಗೆ ಹೋಗಿ ಬಾಗಿಲು ಹಾಕ್ಕೊಂಡ್ರೆ ನಂಗೇನೋ ನೆಮ್ಮದಿ, ಆಚೆ ನಿಂತಿರೋಳಿಗೆ ಅದು ಶಿಕ್ಷೆ. ಒಂದ್ಸಲ ಅವಳು ಹೇಳಿದ್ಲು, ನೀನು ಬೈದ್ರೆ ಬೇಕಾದ್ರೆ ತಡ್ಕೋತೀನಿ, ನಾನು ಮಾತಾಡ್ತಾ ಇರುವಾಗ ಗೋಡೆ ಥರ ಆಗ್ಬಿಡ್ತೀಯಲ್ಲ, ಆಗ ಈ ಮನೇಲಿ ನಾನು ಇದೀನೋ ಇಲ್ವೋ ಅನ್ಸುತ್ತೆ ಅಂತ. ಆ ಮಾತು ಇವತ್ತಿಗೂ ಮನಸಲ್ಲಿ ಹಾಗೇ ಕೂತಿದೆ.

ಆಮೇಲೆ ಓದ್ತಾ ಹೋದಾಗ ಜಾನ್ ಗಾಟ್‌ಮನ್ ಅನ್ನೋ ಅಮೆರಿಕದ ಸೈಕಾಲಜಿಸ್ಟ್ ಬಗ್ಗೆ ಗೊತ್ತಾಯ್ತು. ವಾಷಿಂಗ್ಟನ್ ಯೂನಿವರ್ಸಿಟಿಯ ಲ್ಯಾಬಲ್ಲಿ ಗಂಡ ಹೆಂಡತಿನ ಎದುರುಬದುರು ಕೂರಿಸಿ, ಹಾರ್ಟ್‌ಬೀಟ್ ಅಳೆಯೋ ಸೆನ್ಸರ್ ಹಾಕಿ, ಅವರಿಬ್ಬರಿಗೂ ಯಾವ ವಿಷಯಕ್ಕೆ ಆಗ್ಬರಲ್ವೋ ಅದನ್ನೇ ಮಾತಾಡಿಸಿ ನೋಡ್ದೋರು ಇವರು. ಬಡಿತ ನಿಮಿಷಕ್ಕೆ 100 ದಾಟಿದ್ರೆ ಎದುರಿಗಿರೋರ ಮಾತು ತಲೆಗೇ ಇಳಿಯಲ್ಲ ಅಂತಾರೆ. ಒಂದ್ಸಲ ಜಗಳ ನಡೀತಿರುವಾಗ ಮಧ್ಯದಲ್ಲೇ ನಿಲ್ಲಿಸಿ, ಮಷೀನ್ ಸರಿ ಮಾಡ್ಬೇಕು, ಅಲ್ಲೀವರೆಗೂ ಈ ವಿಷಯ ಎತ್ತಬೇಡಿ, ಸುಮ್ನೆ ಮ್ಯಾಗಜೀನ್ ಓದ್ತಿರಿ ಅಂತ ಅರ್ಧ ಗಂಟೆ ಕೂರಿಸಿದ್ರಂತೆ. ವಾಪಸ್ ಮಾತು ಶುರು ಮಾಡಿದಾಗ ಬಡಿತ ಇಳಿದಿತ್ತು, ಅದೇ ಜನ ಅದೇ ವಿಷಯಾನ ಎಷ್ಟೋ ಮೆತ್ತಗೆ ಮಾತಾಡಿದ್ರು. ಮೈ ತಣ್ಣಗಾಗೋಕೆ ಕಡಿಮೆ ಅಂದ್ರೂ 20 ನಿಮಿಷ ಬೇಕಂತೆ, ಅದೂ ಆ ಹೊತ್ತಲ್ಲಿ ಒಳಗೊಳಗೇ ಉತ್ತರ ಮಸೀತಾ ಕೂತ್ರೆ ಏನೂ ಇಳಿಯಲ್ಲ.

ಹಾಗಾಗಿ ಈಗ ನಮ್ಮನೇಲಿ ಇರೋ ಪದ್ಧತಿ ಏನಂದ್ರೆ, ಯಾರಿಗೆ ತಡೆಯೋಕೆ ಆಗ್ತಿಲ್ವೋ ಅವರು "ನಂಗೀಗ ಆಗ್ತಿಲ್ಲ, ಒಂಬತ್ತು ಗಂಟೆಗೆ ಬಂದು ಕೂರ್ತೀನಿ" ಅಂತ ಗಂಟೆ ಸಮೇತ ಹೇಳಿ ಎದ್ದು ಹೋಗ್ಬೇಕು, ಮತ್ತೆ ಆ ವಿಷಯಾನ ಎತ್ತೋ ಜವಾಬ್ದಾರಿನೂ ಎದ್ದು ಹೋದವರದ್ದೇ. ಈ ಎರಡನೇದೇ ಕಷ್ಟ, ನಂಬಿ. ತಣ್ಣಗಾದ್ಮೇಲೆ ಯಾಕಪ್ಪಾ ಮತ್ತೆ ಕೆದಕೋದು, ಹೇಗೂ ಊಟ ಮಾಡಿ ಮಲಗಿದ್ರೆ ಆಯ್ತಲ್ಲ ಅನ್ಸುತ್ತೆ. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತ ಗಾದೆ ಬೇರೆ ಇದೆಯಲ್ಲ, ನಮ್ಮ ವಿಷಯದಲ್ಲಂತೂ ಉಂಡು ಮಲಗಿದ ಜಗಳ ಎಲ್ಲಾ ಮುಂದಿನ ತಿಂಗಳು ಬಡ್ಡಿ ಸಮೇತ ಎದ್ದು ಬರ್ತಿತ್ತು. ಮೊದಲನೇ ಸಲ ನಾನಾಗೇ ಬಂದು "ಹೇಳು, ಅವಾಗ ಏನೋ ಹೇಳ್ತಿದ್ಯಲ್ಲ" ಅಂದಾಗ ಅವಳು ಜಗಳಾನೇ ಮಾಡ್ಲಿಲ್ಲ, ಅತ್ಲು.

ಇನ್ನು ಹಳೇ ಲೆಕ್ಕ ಎಲ್ಲಾ ತೆಗೀಬೇಡಿ, "ನೀನು ಯಾವಾಗ್ಲೂ ಹಿಂಗೇ" ಅನ್ಬೇಡಿ, ಇದೆಲ್ಲ ನಿಮಗೂ ಗೊತ್ತಿರುತ್ತೆ. ಆದ್ರೆ ಅವರ ಹಾಗೆ ದನಿ ಮಾಡಿ ಅಣಕಿಸೋದು, ಕಣ್ಣು ಹೊರಳಿಸೋದು, ಯಾವತ್ತೋ ಅವರು ನಂಬಿ ಹೇಳ್ಕೊಂಡಿದ್ದ ನೋವನ್ನೇ ತೆಗೆದು ಚುಚ್ಚೋದು, ಇದಕ್ಕೆ ಮಾತ್ರ ಏನೇ ಆದ್ರೂ ಇಳೀಬೇಡಿ. ಸಂಬಂಧ ಮುರಿಯೋ ಲಕ್ಷಣಗಳಲ್ಲೆಲ್ಲ ತಿರಸ್ಕಾರಾನೇ ಕೆಟ್ಟದ್ದು ಅಂತ ಗಾಟ್‌ಮನ್ ಕೂಡ ಹೇಳ್ತಾರೆ. ಹಾಂ, ಇಬ್ಬರಲ್ಲಿ ಒಬ್ಬರಿಗೆ ಇನ್ನೊಬ್ಬರನ್ನ ಕಂಡ್ರೆ ಭಯ ಇದ್ರೆ, ಕೈ ಎತ್ತೋದು ಇದ್ರೆ, ನಾನು ಬರೆದಿದ್ದು ಯಾವುದೂ ಅಲ್ಲಿ ನಡೆಯಲ್ಲ, ಅಲ್ಲಿ ಮೊದಲು ಬೇಕಾಗಿರೋದು ಹೊರಗಿನವರ ಸಹಾಯ.

ಈ ಗಂಟೆ ಹೇಳಿ ಹೋಗೋ ವಿಷಯಾನ ಮುಂದಿನ ಜಗಳದಲ್ಲಿ ಹೇಳೋಣ ಅಂತ ಕಾಯ್ಬೇಡಿ, ಆಗ ಅದೂ ಒಂದು ನೆಪದ ಥರ ಕೇಳ್ಸುತ್ತೆ. ಇಬ್ರೂ ಆರಾಮಾಗಿರೋ ಹೊತ್ತಲ್ಲಿ ಮಾತಾಡಿ, ಎಷ್ಟು ಹೊತ್ತು ಅನ್ನೋದನ್ನ ಅವರೇ ಹೇಳ್ಲಿ. ನಾನು ಒಂದು ಗಂಟೆ ಕೇಳಿದ್ದೆ, ಅವಳು ಅರ್ಧ ಗಂಟೆ ಅಂದ್ಲು, ಅರ್ಧ ಗಂಟೆಗೇ ಒಪ್ಕೊಂಡೆ.