ಹಬ್ಬದ ಕೈಕೆಲಸ: ಎರೆಮಣ್ಣಿನ ಎತ್ತಿನಿಂದ ಆಕಾಶಬುಟ್ಟಿಯವರೆಗೆ

ಮನೆಯಲ್ಲೇ ಮಾಡಬಹುದಾದ ಹಬ್ಬದ ಅಲಂಕಾರಗಳನ್ನು ಕುರಿತು ಬಳ್ಳಾರಿ, ರಾಯಚೂರು ಮತ್ತು ಕೊಪ್ಪಳ ಜಿಲ್ಲೆಗಳ ಓದುಗರು ಕಳುಹಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಪತ್ರಗಳಲ್ಲಿ ಹೆಚ್ಚಿನವರ ದೂರು ಒಂದೇ ಬಗೆಯದು. ಮಾಡುವುದು ಕಷ್ಟವಲ್ಲ, ಆದರೆ ಮಾಡಿದ್ದು ಹಬ್ಬ ಮುಗಿಯುವವರೆಗೆ ನಿಲ್ಲುವುದಿಲ್ಲ ಎನ್ನುತ್ತಾರೆ. ಆದ್ದರಿಂದ ಉತ್ತರಗಳಲ್ಲಿ ಅಂದಕ್ಕಿಂತ ಬಾಳಿಕೆಯ ಮಾತೇ ಹೆಚ್ಚಾಗಿದೆ.

ಪ್ರಶ್ನೆ: ಮಣ್ಣೆತ್ತಿನ ಅಮಾವಾಸ್ಯೆಗೆ ನಮ್ಮ ಶಾಲೆಯ ಮಕ್ಕಳಿಂದ ಹೊಲದ ಎರೆಮಣ್ಣಿನಲ್ಲಿ ಜೋಡೆತ್ತು ಮತ್ತು ಗೋದಲಿ ಮಾಡಿಸುತ್ತೇನೆ. ಬೆಳಗಾಗುವುದರೊಳಗೆ ಎತ್ತುಗಳ ಬೆನ್ನು ಬಿರಿದು, ಕಾಲು ಕಳಚಿರುತ್ತವೆ. ಚೌತಿಗೆ ಇದೇ ಮಣ್ಣಿನಲ್ಲಿ ಗಣಪತಿಯನ್ನೂ ಮಾಡಿಸಬೇಕೆಂದಿದ್ದೇನೆ. ಪರಿಹಾರವೇನು?
— ಶಿಕ್ಷಕಿ, ಮಾನ್ವಿ

ಉತ್ತರ: ಎರೆಮಣ್ಣಿನ ಗುಣವೇ ಅದು. ನೀರು ಕುಡಿದರೆ ಉಬ್ಬುತ್ತದೆ, ಆರಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ನಿಮ್ಮ ಭಾಗದ ಹೊಲಗಳನ್ನು ಕೈ ತೂರುವಷ್ಟು ಅಗಲವಾಗಿ ಸೀಳುವ ಆ ಗುಣವೇ ಅಂಗೈಯಗಲದ ಎತ್ತಿನ ಬೆನ್ನಿನ ಮೇಲೂ ಕೆಲಸ ಮಾಡುತ್ತದೆ. ಮಣ್ಣನ್ನು ಬದಲಿಸಬೇಕಾಗಿಲ್ಲ. ಅದು ಕುಗ್ಗುವ ಪ್ರಮಾಣವನ್ನು ತಗ್ಗಿಸಬೇಕು ಮತ್ತು ಆರುವ ವೇಗವನ್ನು ನಿಧಾನಗೊಳಿಸಬೇಕು.

ಮಣ್ಣನ್ನು ಒಣಗಿಸಿ, ಹೆಂಟೆ ಒಡೆದು, ಜರಡಿ ಹಿಡಿದು ರಾತ್ರಿಯಿಡೀ ನೀರಿನಲ್ಲಿ ನೆನೆಯಿಡಿ. ಬೆಳಿಗ್ಗೆ ಮೇಲಿನ ನೀರನ್ನು ಬಸಿದು, ಮೂರು ಪಾಲು ಮಣ್ಣಿಗೆ ಒಂದು ಪಾಲಿನಂತೆ ಹಳ್ಳದ ಸಣ್ಣ ಮರಳನ್ನು ಸೇರಿಸಿ. ಮರಳು ಕುಗ್ಗುವ ವಸ್ತುವಲ್ಲವಾದ್ದರಿಂದ ಒಟ್ಟು ಮುದ್ದೆಯ ಕುಗ್ಗುವಿಕೆ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಜೊತೆಗೆ ಒಂದು ಹಿಡಿ ಹತ್ತಿಯನ್ನು ಎಳೆಎಳೆಯಾಗಿ ಬಿಡಿಸಿ ಕಲಸಬೇಕು. ರಾಯಚೂರು ಜಿಲ್ಲೆಯಲ್ಲಿ ಹತ್ತಿಗೆ ಬರವಿಲ್ಲ. ಬಿಡಿಸಿದ ಹೊಲದಲ್ಲಿ ಗಿಡಕ್ಕೆ ಅಂಟಿಕೊಂಡು ಉಳಿದ ಹತ್ತಿಯಾದರೂ ಸಾಕು. ಬಿರುಕು ಹುಟ್ಟುವ ಜಾಗದಲ್ಲಿ ಈ ಎಳೆಗಳು ಎರಡೂ ಕಡೆಯ ಮಣ್ಣನ್ನು ಹಿಡಿದುಕೊಳ್ಳುತ್ತವೆ. ಹತ್ತಿ ಸಿಗದವರು ಹಳೆಯ ದಿನಪತ್ರಿಕೆಯನ್ನು ನೆನೆಸಿ ಅರೆದು ಸೇರಿಸಬಹುದು.

ಕಲಸಿದ ಮಣ್ಣು ಹದಕ್ಕೆ ಬಂದಿದೆಯೇ ಎಂದು ನೋಡಲು ಕಿರುಬೆರಳ ಗಾತ್ರದ ಬತ್ತಿ ಹೊಸೆದು ಹೆಬ್ಬೆರಳಿಗೆ ಸುತ್ತಿ ನೋಡಿ. ಹೊರಮೈ ಸೀಳಿದರೆ ಇನ್ನಷ್ಟು ನಾದಬೇಕು, ಕೈಗೆ ಮೆತ್ತಿಕೊಂಡರೆ ನೀರು ಹೆಚ್ಚಾಗಿದೆ ಎಂದರ್ಥ. ಕಾಲುಗಳನ್ನು ಬೇರೆಯಾಗಿ ಮಾಡಿ ಅಂಟಿಸುವುದಕ್ಕಿಂತ ಮುದ್ದೆಯಿಂದಲೇ ಎಳೆದು ತೆಗೆಯುವುದು ಮೇಲು. ಕೊಂಬು, ಹಿಣಿಲುಗಳನ್ನು ಅಂಟಿಸಲೇಬೇಕಾದಾಗ ಎರಡೂ ಮೈಗಳಲ್ಲಿ ಕಡ್ಡಿಯಿಂದ ಅಡ್ಡಡ್ಡ ಗೀರಿ, ನಡುವೆ ಅಂಬಲಿಯಂತೆ ತೆಳುವಾದ ಮಣ್ಣಿನ ರಾಡಿ ಸವರಿ ಒತ್ತಬೇಕು. ಬರೀ ನೀರು ಹಚ್ಚಿ ಒತ್ತಿದ ಕೊಂಬು ಆರಿದ ಮೇಲೆ ನಿಲ್ಲುವುದಿಲ್ಲ. ಮಕ್ಕಳು ಎಡವುವುದೂ ಹೆಚ್ಚಾಗಿ ಇಲ್ಲಿಯೇ.

ಇನ್ನು ಆರಿಸುವ ವಿಷಯ. ಜ್ಯೇಷ್ಠದ ಅಮಾವಾಸ್ಯೆಯ ಹೊತ್ತಿಗೆ ನಮ್ಮ ಕಡೆ ಮಳೆಗಿಂತ ಗಾಳಿಯೇ ಜೋರಾಗಿರುತ್ತದೆ. ಕಿಟಕಿಯ ಬಳಿ ಇಟ್ಟ ಎತ್ತು ಗಾಳಿ ಬೀಸುವ ಮಗ್ಗುಲಲ್ಲಿ ಬೇಗ ಆರಿ, ಇನ್ನೊಂದು ಮಗ್ಗುಲು ಹಸಿಯಾಗಿಯೇ ಉಳಿದು, ನಡುವೆ ಬಿರಿಯುತ್ತದೆ. ಮೊದಲ ದಿನ ಒದ್ದೆ ಬಟ್ಟೆ ಮುಚ್ಚಿ ಕೋಣೆಯ ಮೂಲೆಯಲ್ಲಿಡಿ. ಎರಡನೆಯ ದಿನ ಬಟ್ಟೆ ತೆಗೆದು ನೆರಳಿನಲ್ಲೇ ಬಿಡಿ. ಬಿಸಿಲಿಗೂ ಬೇಡ, ಫ್ಯಾನಿನ ಕೆಳಗೂ ಬೇಡ. ಅಂದರೆ ಅಮಾವಾಸ್ಯೆಯ ದಿನ ಬೆಳಿಗ್ಗೆ ಮಾಡಿಸುವುದರ ಬದಲು ಮೂರು ದಿನ ಮೊದಲೇ ಮಾಡಿಸಬೇಕಾಗುತ್ತದೆ. ಶಾಲೆಯ ವೇಳಾಪಟ್ಟಿಯಲ್ಲಿ ಇದಕ್ಕೆ ಜಾಗ ಹುಡುಕುವುದು ಸುಲಭವಲ್ಲವೆಂದು ಬಲ್ಲೆವು.

ಗಣಪತಿಗೂ ಇದೇ ಮಣ್ಣು ನಡೆಯುತ್ತದೆ. ಆದರೆ ಮೂರ್ತಿ ಗೇಣುದ್ದಕ್ಕಿಂತ ದೊಡ್ಡದಾದರೆ, ಮೈ ಸ್ವಲ್ಪ ಗಟ್ಟಿಯಾದ ಮೇಲೆ ಅದನ್ನು ಮೆಲ್ಲಗೆ ಮಲಗಿಸಿ ತಳದಿಂದ ಚಮಚದಲ್ಲಿ ಮಣ್ಣು ತೋಡಿ ತೆಗೆಯಿರಿ. ಗೋಡೆ ಎಲ್ಲ ಕಡೆಯೂ ಹೆಬ್ಬೆರಳ ದಪ್ಪ ಉಳಿಯಲಿ. ಒಳಗೆ ಕಾಗದದ ಉಂಡೆಯನ್ನೋ ಬಾಟಲಿಯನ್ನೋ ಇಟ್ಟು ಮಣ್ಣು ಮೆತ್ತುವುದನ್ನು ಕೆಲವರು ಹೇಳಿಕೊಡುತ್ತಾರೆ. ಮೇಲಿನ ಮಣ್ಣು ಕುಗ್ಗುವಾಗ ಒಳಗಿನ ವಸ್ತು ಕುಗ್ಗದಿರುವುದರಿಂದ ಬಿರುಕು ಖಚಿತ. ಬಣ್ಣಕ್ಕೆ ಸುಣ್ಣ, ಜಾಜು, ಅರಿಸಿನ ಸಾಕು. ಅರಿಸಿನಕ್ಕೆ ಚಿಟಿಕೆ ಸುಣ್ಣ ಬಿದ್ದರೆ ಕೆಂಪಾಗುವುದನ್ನು ಮಕ್ಕಳಿಗೆ ತೋರಿಸಿದರೆ ಅಂದಿನ ವಿಜ್ಞಾನದ ಪಾಠವೂ ಮುಗಿದಂತೆ.

ಪ್ರಶ್ನೆ: ಆಷಾಢದ ಮಂಗಳವಾರಗಳಂದು ಮಾಡಿ ಪೂಜಿಸುವ ಮಣ್ಣಿನ ಗುಳ್ಳವ್ವನಿಗೆ ಕುಸುಬಿ ಕಾಳು ಮತ್ತು ಗುಲಗಂಜಿ ಚುಚ್ಚಿ ಸಿಂಗರಿಸುತ್ತೇವೆ. ಮನೆಯಲ್ಲಿ ಎರಡು ವರ್ಷದ ಮೊಮ್ಮಗಳಿದ್ದಾಳೆ. ಭಯವಿದೆಯೇ?
— ಅಜ್ಜಿಯೊಬ್ಬರು, ಲಿಂಗಸುಗೂರು

ಉತ್ತರ: ಇದೆ. ಕುಸುಬಿಯಿಂದ ವಿಷದ ಭಯವಿಲ್ಲ. ಗುಲಗಂಜಿ ವಿಷದ ಬೀಜ. ಸಿಪ್ಪೆ ಗಟ್ಟಿಯಾಗಿರುವುದರಿಂದ ಇಡಿಯಾಗಿ ನುಂಗಿದರೆ ಅಪಾಯ ಕಡಿಮೆಯೆನ್ನುತ್ತಾರೆ, ಆದರೆ ಅಗಿದರೆ ಅಥವಾ ದಾರ ಪೋಣಿಸಲು ತೂತು ಮಾಡಿದ ಬೀಜ ಬಾಯಿಗೆ ಹೋದರೆ ಪ್ರಾಣಕ್ಕೇ ಕುತ್ತು ಬರಬಹುದು. ಮಗು ನುಂಗಿದ ಅನುಮಾನವಿದ್ದರೂ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಈ ವರ್ಷ ಕಣ್ಣಿಗೆ ಕರಿ ಮೆಣಸಿನ ಕಾಳನ್ನೂ, ಕೆಂಪಿಗೆ ಕುಂಕುಮ ಸವರಿದ ಜೋಳವನ್ನೂ ಬಳಸಿ, ಗುಳ್ಳವ್ವನನ್ನು ಮೊಮ್ಮಗಳ ಕೈಗೆ ಎಟುಕದ ಮಾಡದಲ್ಲಿ ಕೂರಿಸಿರಿ.

ಪ್ರಶ್ನೆ: ಅಂಗಡಿಯ ಅಂಟಿಗೆ ದುಡ್ಡು ಸುರಿಯುವುದು ಸಾಕಾಗಿದೆ. ಮೈದಾ ಅಂಟು ಮಾಡಿದರೆ ಜಿರಳೆ, ಇರುವೆಗಳು ಮುತ್ತುತ್ತವೆ. ಗಟ್ಟಿಯಾದ ಮನೆಯ ಅಂಟು ಯಾವುದು?
— ಗೃಹಿಣಿ, ಕೊಪ್ಪಳ

ಉತ್ತರ: ಉತ್ತರ ನಿಮ್ಮ ಊರಿನ ಪಕ್ಕದಲ್ಲೇ ಇದೆ. ಕಿನ್ನಾಳದ ಚಿತ್ರಗಾರರು ತಲೆಮಾರುಗಳಿಂದ ಬಳಸುತ್ತ ಬಂದಿರುವುದು ಹುಣಸೆ ಬೀಜದ ಅಂಟನ್ನು. ಗೋಣಿನಾರನ್ನು ನೆನೆಸಿ, ಚೂರು ಮಾಡಿ, ಒಣಗಿಸಿ ಪುಡಿಮಾಡಿ, ಅದಕ್ಕೆ ಮರದ ಹೊಟ್ಟನ್ನೂ ಈ ಅಂಟನ್ನೂ ಕಲಸಿ ಅವರು ತಯಾರಿಸುವ ಕಿಟ್ಟವೇ ಹಗುರ ಮರದ ಗೊಂಬೆಗಳ ಕೈಕಾಲುಗಳನ್ನು ಮೈಗೆ ಬೆಸೆಯುವುದು. ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಆ ಗೊಂಬೆಗಳ ಬೆಸುಗೆ ನಿಂತಿರುವುದು ನಾವು ಹುಣಸೆಹಣ್ಣು ಬಿಡಿಸಿ ತಿಪ್ಪೆಗೆ ಎಸೆಯುವ ಬೀಜದ ಮೇಲೆ ಎಂಬುದನ್ನು ಗಮನಿಸಬೇಕು.

ಬೀಜಗಳನ್ನು ಹಂಚಿನ ಮೇಲೆ ಸಿಪ್ಪೆ ಸಿಡಿಯುವವರೆಗೆ ಹುರಿದು, ಒರಳಿನಲ್ಲಿ ಮೆಲ್ಲಗೆ ಕುಟ್ಟಿ ಕೇರಿ. ಒಳಗಿನ ಬಿಳಿಯ ಬೇಳೆಯನ್ನು ಮಾತ್ರ ಪುಡಿ ಮಾಡಿಸಿ. ಬೇಳೆ ತುಂಬ ಗಟ್ಟಿಯಾದ್ದರಿಂದ ಮನೆಯ ಮಿಕ್ಸರಿಗೆ ಹಾಕುವ ಮುನ್ನ ಚೆನ್ನಾಗಿ ಜಜ್ಜಿಕೊಳ್ಳುವುದು ಒಳ್ಳೆಯದು. ಒಂದು ಬಟ್ಟಲು ಹಿಟ್ಟಿಗೆ ಎಂಟರಿಂದ ಹತ್ತು ಬಟ್ಟಲು ತಣ್ಣೀರು ಹಾಕಿ, ಗಂಟಿಲ್ಲದಂತೆ ಕದಡಿದ ಮೇಲೆಯೇ ಒಲೆಗೇರಿಸಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವುತ್ತಿರಿ. ಬಿಳಿಯ ನೀರು ಮೆಲ್ಲಗೆ ತಿಳಿಯಾಗಿ, ಸೌಟಿನಿಂದ ಎಳೆಯಾಗಿ ಇಳಿಯತೊಡಗಿದಾಗ ಇಳಿಸಿ, ತೆಳು ಬಟ್ಟೆಯಲ್ಲಿ ಸೋಸಿಕೊಳ್ಳಿ. ಎರಡು ಮೂರು ದಿನಗಳಲ್ಲಿ ಹುಳಿ ಬರುವುದರಿಂದ ಬೇಕಾದಷ್ಟನ್ನೇ ಮಾಡಿಕೊಳ್ಳಬೇಕು. ಚಿಟಿಕೆ ಪಟಿಕದ ಪುಡಿ ಹಾಕಿದರೆ ಸ್ವಲ್ಪ ಹೆಚ್ಚು ತಡೆಯುತ್ತದೆ. ಹುಳು ಮುತ್ತದಿರಲೆಂದು ಅಂಟಿಗೆ ಮೈಲುತುತ್ತ ಹಾಕುವ ರೂಢಿಯೂ ಉಂಟು. ಅದು ವಿಷವಾದ್ದರಿಂದ ಮಕ್ಕಳು ಕೈಯಾಡಿಸುವ ಅಂಟಿನಲ್ಲಿ ಖಂಡಿತ ಬೇಡ.

ಇದೇ ಅಂಟಿಗೆ ಅರೆದ ಕಾಗದ ಮತ್ತು ಬಡಗಿಯ ಅಂಗಡಿಯ ಸಣ್ಣ ಹೊಟ್ಟು ಕಲಸಿದರೆ ಮನೆಯ ಮಟ್ಟದ ಕಿಟ್ಟ ಸಿದ್ಧ. ದಸರೆಯ ಗೊಂಬೆಗಳಿಗೆ, ಹೋಳಿಯ ಮುಖವಾಡಗಳಿಗೆ ಇದು ಎರೆಮಣ್ಣಿಗಿಂತ ಎಷ್ಟೋ ಹಗುರ.

ಪ್ರಶ್ನೆ: ದೀಪಾವಳಿಗೆ ಬಿದಿರಿನ ಆಕಾಶಬುಟ್ಟಿ ಮಾಡಲು ಹೋಗಿ ಪ್ರತಿ ಸಲವೂ ಚೌಕಟ್ಟು ಸೊಟ್ಟಗಾಗುತ್ತದೆ. ಬಿಸಿ ಗೋಂದಿನ ಗನ್ನಿನಿಂದ ಅಂಟಿಸಿದ ಕಡ್ಡಿಗಳೂ ಮಧ್ಯಾಹ್ನದ ಬಿಸಿಲಿಗೆ ಬಿಚ್ಚಿಕೊಳ್ಳುತ್ತವೆ. ಸರಿಯಾದ ಕ್ರಮ ತಿಳಿಸಿ.
— ಕಾಲೇಜು ವಿದ್ಯಾರ್ಥಿ, ಸಿರುಗುಪ್ಪ

ಉತ್ತರ: ಬಿಸಿಗೆ ಕರಗಿ ಹರಿಯುವ ಗೋಂದು ಬಿಸಿಲಿಗೆ ಮೆತ್ತಗಾಗುವುದು ಸಹಜ, ಸಿರುಗುಪ್ಪದ ಬಿಸಿಲಿಗೆ ಹೇಳುವುದೇ ಬೇಡ. ಆಕಾಶಬುಟ್ಟಿಯನ್ನು ಅಂಟಿಸಬಾರದು, ಕಟ್ಟಬೇಕು. ಅಂಟಿನ ಕೆಲಸ ಕಾಗದಕ್ಕೆ ಮಾತ್ರ.

ಒಂದೇ ಅಳತೆಯ 24 ಕಡ್ಡಿಗಳು ಬೇಕು. ಮೇದಾರರಲ್ಲಿ ಬಿದಿರಿನ ದಬ್ಬೆ ಕೊಂಡು ಸೀಳಿಸಿಕೊಂಡರೆ ಅಗ್ಗವೂ ಹೌದು, ನೇರವೂ ಹೌದು. ಒಂದೊಂದು ಕಡ್ಡಿ 20 ಸೆಂಟಿಮೀಟರ್ ಇದ್ದರೆ ಬುಟ್ಟಿ ಮೂಲೆಯಿಂದ ಎದುರು ಮೂಲೆಗೆ 40 ಸೆಂಟಿಮೀಟರ್ ಆಗುತ್ತದೆ, ಮನೆಯ ಮುಂದಿನ ಪಡಸಾಲೆಗೆ ಇದು ತಕ್ಕ ಗಾತ್ರ. ನಾಲ್ಕು ನಾಲ್ಕು ಕಡ್ಡಿಗಳನ್ನು ದಾರದಿಂದ ಕಟ್ಟಿ ಆರು ಚೌಕಗಳನ್ನು ಮಾಡಿಕೊಳ್ಳಿ. ಈಗ ಒಂದು ಚೌಕವನ್ನು ನೆಲದ ಮೇಲೆ ಮಲಗಿಸಿ, ಅದರ ನಾಲ್ಕು ಮೂಲೆಗಳಿಗೆ ಉಳಿದ ಐದರಲ್ಲಿ ನಾಲ್ಕು ಚೌಕಗಳ ಒಂದೊಂದು ಮೂಲೆಯನ್ನು ಕಟ್ಟಿರಿ. ಈ ನಾಲ್ಕು ಚೌಕಗಳನ್ನು ಮೇಲೆತ್ತಿದಾಗ ಅವುಗಳ ಬದಿಯ ಮೂಲೆಗಳು ಒಂದಕ್ಕೊಂದು ತಾಗುತ್ತವೆ. ಅಲ್ಲಿ ಕಟ್ಟಿ, ಆರನೆಯ ಚೌಕವನ್ನು ಮೇಲಿನ ತುದಿಗಳಿಗೆ ಸೇರಿಸಿರಿ. ಎಲ್ಲ ಸೇರಿ 12 ಕಡೆ ಮೂಲೆಗೆ ಮೂಲೆ ಕೂಡುತ್ತದೆ, ಚೌಕಗಳ ನಡುವೆ ಎಂಟು ತ್ರಿಕೋನಗಳು ತಾವಾಗಿಯೇ ಮೂಡುತ್ತವೆ. ಚೌಕ ಒಂದೇ ಇದ್ದಾಗ ಒತ್ತಿದರೆ ವಾಲುತ್ತದೆ, ತ್ರಿಕೋನ ವಾಲುವುದಿಲ್ಲ. ಸುತ್ತಲಿನ ಎಂಟು ತ್ರಿಕೋನಗಳೇ ಬುಟ್ಟಿಯನ್ನು ನೆಟ್ಟಗೆ ಹಿಡಿಯುತ್ತವೆ. ನಿಮ್ಮ ಚೌಕಟ್ಟು ಸೊಟ್ಟಗಾಗುವುದಕ್ಕೆ ಕಡ್ಡಿಗಳ ಅಳತೆಯಲ್ಲಿನ ಏರುಪೇರೇ ಕಾರಣವಿರಬೇಕು. ಒಂದು ಕಡ್ಡಿ ಬೆರಳಗಲ ಉದ್ದವಾದರೂ ಕೊನೆಯ ಗಂಟು ಕೂಡುವುದಿಲ್ಲ, ಎಳೆದು ಕೂಡಿಸಿದರೆ ಇಡೀ ಬುಟ್ಟಿ ತಿರುಚಿಕೊಳ್ಳುತ್ತದೆ.

ಗಂಟು ಹಾಕುವ ಮೊದಲು ದಾರವನ್ನು ನೀರಿನಲ್ಲಿ ಅದ್ದಬೇಡಿ. ಒಣ ದಾರದಲ್ಲಿ ಬಿಗಿಯಾಗಿ ಕಟ್ಟಿ, ಮೇಲೆ ಒಂದು ಹನಿ ಹುಣಸೆ ಅಂಟು ಸವರಿದರೆ ಗಂಟು ಜಾರುವುದಿಲ್ಲ. ಗಾಳಿಪಟದ ತೆಳು ಹಾಳೆಯನ್ನು ಚೌಕಟ್ಟಿಗಿಂತ ಬೆರಳಗಲ ದೊಡ್ಡದಾಗಿ ಕತ್ತರಿಸಿ, ಅಂಚು ಮಡಚಿ ಕಡ್ಡಿಗೆ ಅಂಟಿಸಿರಿ. ಮೇಲಿನ ಮತ್ತು ಕೆಳಗಿನ ಚೌಕಗಳನ್ನು ಮುಚ್ಚದೆ ಬಿಡಬೇಕು: ಮೇಲಿನಿಂದ ಬಲ್ಬು ಇಳಿಯುತ್ತದೆ, ಬಿಸಿ ಹೊರಹೋಗುತ್ತದೆ; ಕೆಳಗಿನ ಕಡ್ಡಿಗಳಿಂದ ಕಾಗದದ ಬಾಲಗಳು ಇಳಿಬೀಳುತ್ತವೆ. ಹಳೆಯ ತಂತಿ ಬಲ್ಬು ತಾನು ಎಳೆದುಕೊಂಡ ವಿದ್ಯುತ್ತಿನ ಬಹುಪಾಲನ್ನು ಬಿಸಿಯಾಗಿಯೇ ಹೊರಹಾಕುವುದರಿಂದ ಕಾಗದದ ಬುಟ್ಟಿಗೆ ಅದು ಸಲ್ಲದು. 3 ಅಥವಾ 5 ವ್ಯಾಟಿನ ಎಲ್‌ಇಡಿ ಬಲ್ಬು ಧಾರಾಳವಾಗಿ ಸಾಕು. ಬುಟ್ಟಿಯ ಭಾರವನ್ನು ವೈರಿನ ಮೇಲೆ ಬಿಡದೆ ಬೇರೆ ಹಗ್ಗದಲ್ಲಿ ತೂಗುಹಾಕಿರಿ. ಹಬ್ಬ ಕಳೆದ ಮೇಲೆ ಕಾಗದವನ್ನಷ್ಟೇ ಕಿತ್ತು ಚೌಕಟ್ಟನ್ನು ಅಟ್ಟದ ಮೇಲಿಟ್ಟರೆ ಮುಂದಿನ ವರ್ಷ ಅರ್ಧ ಕೆಲಸ ಉಳಿಯುತ್ತದೆ.

ಪ್ರಶ್ನೆ: ನಾನು ಜೀನ್ಸ್ ಹೊಲಿಯುವ ಘಟಕದಲ್ಲಿ ಕೆಲಸ ಮಾಡುತ್ತೇನೆ. ಕತ್ತರಿಸಿ ಉಳಿದ ತುಂಡುಗಳನ್ನು ಮನೆಗೆ ತರಲು ಮಾಲೀಕರು ಒಪ್ಪಿದ್ದಾರೆ. ಹಬ್ಬದ ತೋರಣಕ್ಕೆ ಅವು ಆಗುತ್ತವೆಯೇ?
— ಹೊಲಿಗೆ ಕೆಲಸದವರು, ಬಳ್ಳಾರಿ

ಉತ್ತರ: ಬಳ್ಳಾರಿಯವರಿಗೆ ಮಾತ್ರ ಇಷ್ಟು ಸಲೀಸಾಗಿ ದಕ್ಕುವ ಸಾಮಗ್ರಿಯಿದು, ಬಿಡಬೇಡಿ. ಮೊದಲು ತುಂಡುಗಳನ್ನು ನೀರು ತಿಳಿಯಾಗುವವರೆಗೆ ತೊಳೆದು ಒಣಗಿಸಿ; ಇಲ್ಲವಾದರೆ ಮಳೆಯ ಒಂದು ಎರಚಲಿಗೆ ನೀಲಿ ಇಳಿದು ಸುಣ್ಣದ ಗೋಡೆ ಹಾಳಾಗುತ್ತದೆ. ಮಾವಿನೆಲೆಯ ಆಕಾರದಲ್ಲಿ ಕತ್ತರಿಸಿ, ಅಂಚನ್ನು ಮಡಚದೆ ಒಳಗೆ ಒಂದು ಸಾಲು ಹೊಲಿಗೆ ಹಾಕಿ, ಹೊರಗಿನ ಎಳೆಗಳನ್ನು ಸೂಜಿಯಿಂದ ಬಿಡಿಸಿದರೆ ಬಿಳಿಯ ಕುಚ್ಚಿನಂತೆ ನಿಲ್ಲುತ್ತವೆ. ಎಲೆಯ ನಡುವೆ ಸಂಡೂರಿನ ಲಂಬಾಣಿ ಕಸೂತಿಯ ಮಾದರಿಯಲ್ಲಿ ಕನ್ನಡಿ ಕೂರಿಸಬಹುದು: ಕನ್ನಡಿಯ ಮೇಲೆ ದಾರವನ್ನು ಅಡ್ಡಡ್ಡವಾಗಿ ಎರಡು ಸುತ್ತು ಹಾಯಿಸಿ ಹಿಡಿಸಿ, ಆ ಎಳೆಗಳನ್ನೇ ಸೇರಿಸಿಕೊಂಡು ಸುತ್ತಲೂ ಕಾಜಾ ಹೊಲಿಗೆ ಹಾಕಿದರೆ ಕನ್ನಡಿ ಕದಲುವುದಿಲ್ಲ. ನೀಲಿಯ ಮೇಲೆ ಹಳದಿ ಮತ್ತು ಕೆಂಪು ದಾರ ಎದ್ದು ಕಾಣುತ್ತವೆ; ಹಸಿರು ಕಳೆದುಹೋಗುತ್ತದೆ.

ಪ್ರಶ್ನೆ: ಭತ್ತದ ತೆನೆಯ ತೋರಣ ಕಟ್ಟಿದರೆ ಕಾಳು ಉದುರಿ ಬರೀ ಹುಲ್ಲು ಉಳಿಯುತ್ತದೆ, ಏಕೆ?
— ರೈತ ಮಹಿಳೆ, ಕಾರಟಗಿ

ಉತ್ತರ: ಕೊಯ್ಲಿಗೆ ಬಂದ ತೆನೆ ತೋರಣಕ್ಕೆ ತಡವಾದ ತೆನೆ. ಕಾಳು ಗಟ್ಟಿಯಾಗಿ, ಕಾಂಡದಲ್ಲಿ ಇನ್ನೂ ಹಸಿರು ಉಳಿದಿರುವಾಗಲೇ ಮೊಳದುದ್ದ ಕಾಂಡದ ಸಮೇತ ಕತ್ತರಿಸಿ, ಸಣ್ಣ ಸಣ್ಣ ಕಟ್ಟು ಮಾಡಿ, ತಲೆಕೆಳಗಾಗಿ ನೆರಳಿನಲ್ಲಿ ಒಣಗಿಸಿ. ಹೆಣೆಯುವ ಮುನ್ನ ಕಾಂಡಗಳನ್ನು ಮಾತ್ರ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೆ ಮುರಿಯದೆ ಬಾಗುತ್ತವೆ. ಬಾಗಿಲ ಹೊರಗೆ ಕಟ್ಟಿದರೆ ಗುಬ್ಬಿಗಳು ಬರುತ್ತವೆ. ಅದನ್ನು ತೊಂದರೆ ಎಂದುಕೊಳ್ಳುವವರು ಒಳಬಾಗಿಲಿಗೆ ಕಟ್ಟಿಕೊಳ್ಳಲಿ.

ಪ್ರಶ್ನೆ: ಕ್ರಿಸ್‌ಮಸ್‌ಗೆ ಉಬ್ಬಿದ ನಕ್ಷತ್ರ ಮಾಡುವುದು ಹೇಗೆ? ನಾನು ಮಾಡಿದ್ದು ಚಪ್ಪಟೆಯಾಗಿಯೇ ಉಳಿಯಿತು.
— ಎಂಟನೆಯ ತರಗತಿಯ ವಿದ್ಯಾರ್ಥಿನಿ, ಬಳ್ಳಾರಿ

ಉತ್ತರ: ಒಂದು ನಕ್ಷತ್ರ ಸಾಲದಮ್ಮಾ, ಎರಡು ಬೇಕು. 60 ಸೆಂಟಿಮೀಟರಿನ ಐದೈದು ಬಿದಿರ ಕಡ್ಡಿಗಳಿಂದ ಸಮನಾದ ಎರಡು ನಕ್ಷತ್ರಗಳನ್ನು ಕಟ್ಟಿ, ಒಂದರ ಮೇಲೊಂದಿಟ್ಟು ಐದು ತುದಿಗಳನ್ನೂ ಜೋಡಿಸಿ ಬಿಗಿ. ಒಳಗೆ ಕಡ್ಡಿಗಳು ಒಂದನ್ನೊಂದು ಹಾಯುವ ಐದು ಜಾಗಗಳಿವೆಯಲ್ಲ, ಅಲ್ಲಿ ಎರಡು ನಕ್ಷತ್ರಗಳನ್ನು ಬೇರ್ಪಡಿಸಿ 12 ಸೆಂಟಿಮೀಟರಿನ ಗಿಡ್ಡ ಕಡ್ಡಿಯೊಂದೊಂದನ್ನು ನಡುವೆ ನಿಲ್ಲಿಸಿ ಕಟ್ಟಿದರೆ ನಕ್ಷತ್ರ ಎರಡೂ ಕಡೆ ಉಬ್ಬಿಕೊಳ್ಳುತ್ತದೆ. ಕಾಗದ ಅಂಟಿಸುವಾಗ ಹಿಂಬದಿಯ ಒಂದು ಭಾಗವನ್ನು ಕೈ ಹೋಗುವಷ್ಟು ತೆರೆದಿಡು. ಬಲ್ಬು ಹಾಕುವುದನ್ನು ಮನೆಯ ಹಿರಿಯರಿಗೆ ಬಿಡು.