ಸೋಪಿನ ಘಾಟು ಹೋಗುತ್ತದೆ, ಕಮಟು ಹೋಗುವುದಿಲ್ಲ

ಪ್ರಶ್ನೆ: ಮನೆಯಲ್ಲೇ ಸೋಪು ಮಾಡುತ್ತಿದ್ದೇನೆ. ಅರ್ಧ ಕೆಜಿ ಕೊಬ್ಬರಿ ಎಣ್ಣೆ, 400 ಗ್ರಾಂ ಸೂರ್ಯಕಾಂತಿ ಎಣ್ಣೆ, 100 ಗ್ರಾಂ ಹರಳೆಣ್ಣೆ, 142 ಗ್ರಾಂ ಕಾಸ್ಟಿಕ್ ಸೋಡಾ ನನ್ನ ಅಳತೆ. ಈ ಸಲ ನೀರಿನ ಬದಲು 300 ಗ್ರಾಂ ಹಸುವಿನ ಹಾಲು ಹಾಕಿದೆ. ಅಚ್ಚಿನಿಂದ ತೆಗೆದಾಗ ಮೂಗಿಗೆ ಹೊಡೆಯುವಂಥ ಘಾಟು. ಹಿಂದಿನ ಸಲ ಬೋರ್‌ವೆಲ್ ನೀರಿನಲ್ಲಿ ಮಾಡಿದ್ದು ಎರಡು ತಿಂಗಳು ಚೆನ್ನಾಗಿತ್ತು; ಈಗ ಕಿತ್ತಳೆ ಬಣ್ಣದ ಚುಕ್ಕೆಗಳೆದ್ದು ಹಳೇ ಎಣ್ಣೆಯ ವಾಸನೆ ಬರುತ್ತಿದೆ. ಎರಡನ್ನೂ ಕರಗಿಸಿ ಮಲ್ಲಿಗೆ ಸೆಂಟು ಬೆರೆಸಿದರೆ ಸರಿಹೋದೀತೇ? ಅಪಾರ್ಟ್‌ಮೆಂಟಿನ ಕೆಲವರು ದುಡ್ಡು ಕೊಟ್ಟು ಕೊಳ್ಳುತ್ತೇವೆ ಎನ್ನುತ್ತಿದ್ದಾರೆ.
– ಗೃಹಿಣಿ, ರಾಜರಾಜೇಶ್ವರಿ ನಗರ

ಉತ್ತರ: ಸೆಂಟಿನ ಬಾಟಲಿಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ನಿಮ್ಮ ಎರಡು ಸೋಪುಗಳ ತೊಂದರೆ ಬೇರೆ ಬೇರೆ. ಒಂದು ತಾನಾಗಿ ಹೋಗುತ್ತದೆ, ಇನ್ನೊಂದು ಏನು ಮಾಡಿದರೂ ಹೋಗುವುದಿಲ್ಲ.

ಮೊದಲು ಹಾಲಿನ ಸೋಪು. ಕಾಸ್ಟಿಕ್ ಸೋಡಾಕ್ಕೆ ತನ್ನದೇ ವಾಸನೆ ಇಲ್ಲ. ಅದು ಹಾಲಿನ ಪ್ರೋಟೀನನ್ನು ಒಡೆದಾಗ ಅಮೋನಿಯಾ ಹೊರಬರುತ್ತದೆ. ನಿಮ್ಮ ಮೂಗಿಗೆ ಹೊಡೆದದ್ದು ಅದೇ. ಜೊತೆಗೆ ಹಾಲಿನ ಸಕ್ಕರೆ ಬಿಸಿಗೆ ಸೀದು ಬಣ್ಣವೂ ಕಂದಾಗುತ್ತದೆ. ಹೆದರಬೇಡಿ. ತುಂಡುಗಳನ್ನು ಒಂದಕ್ಕೊಂದು ತಾಗದಂತೆ, ನೆರಳಲ್ಲಿ, ಗಾಳಿಯಾಡುವ ಕಡೆ ಜೋಡಿಸಿ ನಾಲ್ಕರಿಂದ ಆರು ವಾರ ಬಿಡಿ, ಅಮೋನಿಯಾ ಹಾರಿಹೋಗುತ್ತದೆ. ಬೆಂಗಳೂರಿನ ಮಳೆಗಾಲದಲ್ಲಿ ಫ್ಯಾನಿನ ಗಾಳಿ ಬೇಕಾಗಬಹುದು. ಸಂಡಿಗೆ ಒಣಗಿಸುವ ಹಾಗೆ ತಾರಸಿಯ ಬಿಸಿಲಿಗೆ ಮಾತ್ರ ಇಡಬೇಡಿ, ಬಿಸಿಲಿಗೆ ಎಣ್ಣೆ ಬೇಗ ಕೆಡುತ್ತದೆ.

ಮುಂದಿನ ಸಲ ಕಾಸ್ಟಿಕ್ಕನ್ನು ಹಾಲಿಗೆ ಹಾಕಲೇಬೇಡಿ. ಕಾಸ್ಟಿಕ್ಕಿನಷ್ಟೇ ತೂಕದ ನೀರು ತೆಗೆದುಕೊಂಡು, ಆ ನೀರಿಗೆ ಕಾಸ್ಟಿಕ್ಕನ್ನು ಸ್ವಲ್ಪಸ್ವಲ್ಪವಾಗಿ ಹಾಕಿ ಕರಗಿಸಿ. ಕಾಸ್ಟಿಕ್ಕಿನ ಮೇಲೆ ನೀರು ಸುರಿದರೆ ಸಿಡಿಯುತ್ತದೆ. ಕೈಗವಸು, ಕನ್ನಡಕ, ಸ್ಟೀಲ್ ಪಾತ್ರೆ ಬೇಕೇ ಬೇಕು. ಅಲ್ಯೂಮಿನಿಯಂ ಪಾತ್ರೆಯನ್ನು ಕಾಸ್ಟಿಕ್ ತಿಂದುಹಾಕುತ್ತದೆ. ದ್ರಾವಣ ಪೂರ್ತಿ ಆರಿದ ಮೇಲೆ, ನೀರಿನ ಉಳಿದ ಅರ್ಧ ಪಾಲಿನ ಬದಲು ತಣ್ಣನೆಯ ಹಾಲನ್ನು ಎಣ್ಣೆಯ ಜೊತೆ ಬೆರೆಸಿಕೊಂಡು, ಅದಕ್ಕೆ ಈ ದ್ರಾವಣ ಸೇರಿಸಿ. ಘಾಟು ಎಷ್ಟೋ ಕಡಿಮೆಯಾಗುತ್ತದೆ.

ಇನ್ನು ಚುಕ್ಕೆ ಬಿದ್ದ ಸೋಪು. ಕರಿದ ಕೋಡುಬಳೆ ತಿಂಗಳುಗಟ್ಟಲೆ ಡಬ್ಬದಲ್ಲಿ ಉಳಿದರೆ ಬರುವ ಕಮಟು ವಾಸನೆಯೇ ಇದು. ಸೋಪಾಗದೆ ಉಳಿದ ಎಣ್ಣೆ ಗಾಳಿಯ ಆಮ್ಲಜನಕಕ್ಕೆ ಸಿಕ್ಕಿ ಕೆಟ್ಟಿದೆ. ನಿಮ್ಮ ಅಳತೆಯನ್ನು ಲೆಕ್ಕ ಹಾಕಿ ನೋಡಿದೆ. ಒಂದು ಗ್ರಾಂ ಕೊಬ್ಬರಿ ಎಣ್ಣೆಗೆ ಸುಮಾರು 0.183 ಗ್ರಾಂ, ಸೂರ್ಯಕಾಂತಿಗೆ 0.134, ಹರಳೆಣ್ಣೆಗೆ 0.128 ಗ್ರಾಂ ಕಾಸ್ಟಿಕ್ ಬೇಕು. ಅಂದರೆ ಒಟ್ಟು 158 ಗ್ರಾಂ. ನೀವು ಹಾಕಿದ್ದು 142. ಹತ್ತನೇ ಒಂದು ಪಾಲು ಎಣ್ಣೆ ಹಾಗೇ ಉಳಿಯಿತು. ಚರ್ಮಕ್ಕೆ ಮೃದುವಾಗಿರಲೆಂದು ಎಣ್ಣೆ ಉಳಿಸುವುದು ಒಳ್ಳೆಯದೇ, ಆದರೆ ಶೇ 5 ಸಾಕು. ಹಾಲು ಹಾಕಿದಾಗ ಅದರ ಕೊಬ್ಬೂ ಈ ಲೆಕ್ಕಕ್ಕೆ ಸೇರುತ್ತದೆ ಎಂಬುದು ನೆನಪಿರಲಿ.

ಎರಡನೇ ಕಾರಣ ಸೂರ್ಯಕಾಂತಿ ಎಣ್ಣೆ. ಅದರಲ್ಲಿ ಬೇಗ ಕೆಡುವ ಲಿನೋಲಿಯಿಕ್ ಆಮ್ಲ ಹೆಚ್ಚು. 400 ಗ್ರಾಂ ಬದಲು 100 ಗ್ರಾಂ ಇಟ್ಟುಕೊಂಡು ಉಳಿದ 300 ಗ್ರಾಂಗೆ ಪಾಮೋಲಿನ್ ಹಾಕಿ. ಆಗ ಶೇ 5 ಎಣ್ಣೆ ಉಳಿಯಲು ಕಾಸ್ಟಿಕ್ ಸುಮಾರು 152 ಗ್ರಾಂ. ಎಲ್ಲವನ್ನೂ ತೂಕದಲ್ಲೇ ಅಳೆಯಿರಿ, ಲೋಟದ ಅಳತೆ ಬೇಡ. ಕರಿದು ಉಳಿದ ಎಣ್ಣೆಯಂತೂ ಮೈಸೋಪಿಗೆ ಬೇಡವೇ ಬೇಡ.

ಮೂರನೆಯದು ನೀರು. ಬೋರ್‌ವೆಲ್ ನೀರಿನಲ್ಲಿರುವ ಕಬ್ಬಿಣದಂಥ ಲೋಹದ ಅಂಶ ಎಣ್ಣೆ ಕಮಟಾಗುವುದನ್ನು ಚುರುಕುಗೊಳಿಸುತ್ತದೆ. ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್ ಬಳಸಿ. ಬೇಕಿದ್ದರೆ ಕೆಜಿ ಎಣ್ಣೆಗೆ 10 ಗ್ರಾಂ ಸಿಟ್ರಿಕ್ ಆಮ್ಲವನ್ನು ಅದೇ ನೀರಿನಲ್ಲಿ ಮೊದಲು ಕರಗಿಸಿಕೊಳ್ಳಿ. ಅದು ಲೋಹದ ಅಂಶವನ್ನು ಕಟ್ಟಿಹಾಕುತ್ತದೆ. ಆದರೆ ಅಷ್ಟು ಸಿಟ್ರಿಕ್ ಆಮ್ಲ ಸುಮಾರು 6 ಗ್ರಾಂ ಕಾಸ್ಟಿಕ್ಕನ್ನು ನುಂಗುತ್ತದೆ, ಅಷ್ಟನ್ನು ಹೆಚ್ಚಿಗೆ ಹಾಕಬೇಕು.

ಕಮಟಾದ ಸೋಪನ್ನು ಕರಗಿಸಿ ಸೆಂಟು ಹಾಕಿದರೆ ಕೆಲವು ದಿನ ಮಲ್ಲಿಗೆ, ಆಮೇಲೆ ಮಲ್ಲಿಗೆಯ ಜೊತೆ ಕಮಟು. ಕೆಟ್ಟ ಎಣ್ಣೆಯನ್ನು ಹಿಂದಕ್ಕೆ ಒಳ್ಳೆಯದು ಮಾಡುವ ದಾರಿ ಇಲ್ಲ. ಕಾಲೊರಸು ತೊಳೆಯಲು, ಬಚ್ಚಲು ಉಜ್ಜಲು ಬಳಸಿ ಮುಗಿಸಿ. ಅದನ್ನು ಒಳ್ಳೆಯ ಸೋಪಿನ ಪಕ್ಕದಲ್ಲೂ ಇಡಬೇಡಿ.

ಮಾರುವ ವಿಚಾರ: ಮೈಸೋಪು ಕಾನೂನಿನ ಪ್ರಕಾರ ಸೌಂದರ್ಯವರ್ಧಕ. ತಯಾರಿಸಿ ಮಾರಲು 2020ರ ಕಾಸ್ಮೆಟಿಕ್ಸ್ ನಿಯಮಗಳಡಿ ಪರವಾನಗಿ ಬೇಕು. ನೆರೆಯವರೇ ಆದರೂ, ದುಡ್ಡು ತೆಗೆದುಕೊಳ್ಳುವ ಮುನ್ನ ಅದನ್ನು ವಿಚಾರಿಸಿ.

ಪ್ರಶ್ನೆ: ಅಪ್ಪನಿಗೆ ತುರಿಕೆ ಎಂದು ಬೇವಿನೆಣ್ಣೆ ಸೋಪು ಮಾಡಿದೆ, ಕೆಜಿಗೆ 300 ಗ್ರಾಂ ಬೇವಿನೆಣ್ಣೆ. ನಾತಕ್ಕೆ ಅವರು ಮುಟ್ಟುತ್ತಿಲ್ಲ. ಕಿತ್ತಳೆ ಎಣ್ಣೆ ಬೆರೆಸಿದ್ದೆ, ಅದರ ಪರಿಮಳ ಎಲ್ಲಿ ಹೋಯಿತೋ ಗೊತ್ತಿಲ್ಲ.
– ಮಲ್ಲೇಶ್ವರದ ಓದುಗ

ಉತ್ತರ: ಬೇವಿನೆಣ್ಣೆಯ ನಾತ ಅದರಲ್ಲಿರುವ ಗಂಧಕದ ಸಂಯುಕ್ತಗಳದ್ದು. ಎಣ್ಣೆ ಕೆಟ್ಟಿಲ್ಲ, ಅದರ ಸ್ವಭಾವವೇ ಹಾಗೆ. ಒಣಗುತ್ತಾ ಸ್ವಲ್ಪ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ. ಕೆಜಿಗೆ 50ರಿಂದ 100 ಗ್ರಾಂಗೆ ಇಳಿಸಿ, ಕಾಸ್ಟಿಕ್ ಲೆಕ್ಕವನ್ನು ಹೊಸದಾಗಿ ಹಾಕಿ. ಕಿತ್ತಳೆ, ನಿಂಬೆಯ ಎಣ್ಣೆಗಳು ಹಗುರ, ಬೇಗ ಹಾರುತ್ತವೆ. ಬೇವಿನ ಎದುರು ನಿಲ್ಲುವುದು ಮಜ್ಜಿಗೆ ಹುಲ್ಲಿನ (ಲೆಮನ್‌ಗ್ರಾಸ್) ಎಣ್ಣೆ. ಅದರ ಕೆಳಗೆ ಲಾವಂಚದ ಎಣ್ಣೆ ಸ್ವಲ್ಪ ಇದ್ದರೆ ಪರಿಮಳ ತಿಂಗಳುಗಟ್ಟಲೆ ಉಳಿಯುತ್ತದೆ. ಮಜ್ಜಿಗೆ ಹುಲ್ಲಿನ ಎಣ್ಣೆ ಕೆಲವರ ಚರ್ಮಕ್ಕೆ ಉರಿ ತರಿಸುವುದರಿಂದ ಕೆಜಿಗೆ 10 ಗ್ರಾಂ ದಾಟಬೇಡಿ. ನಿಮ್ಮ ತಂದೆಯವರಿಗೆ ಈಗಾಗಲೇ ತುರಿಕೆ ಇದೆ, ಹಾಗಾಗಿ ಅವರ ಪಾಲಿನ ಸೋಪಿಗೆ ಯಾವ ಪರಿಮಳವನ್ನೂ ಹಾಕದಿರುವುದೇ ಒಳ್ಳೆಯದು. ತುರಿಕೆ ಹಾಗೇ ಇದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ.